ಬುದ್ಧಿಯವರಿಗೊಂದು ಶಾಲು

ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ. ನಮ್ಮ ಯಜಮಾನರು ರುದ್ರಸ್ವಾಮಿ ಬಡಗಿಯಲ್ಲ, ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗಿದ್ದು ರಿಟೈರ್ ಆದವರು. ಹಾಗಾಗಿ ಅವರು ಕೆಡಿಸಿದ್ದು ನನ್ನ ಮನೆಯನ್ನು.

ಮೊಬೈಲಿನಲ್ಲಿ ಯಾರೋ ಗಡ್ಡದವನು ಉಣ್ಣೆ ನೂಲುವುದನ್ನು ನೋಡಿದರಂತೆ. ವಾರದೊಳಗೆ ಜಯಲಕ್ಷ್ಮಿಪುರಂನ ನಮ್ಮ ಮನೆಗೆ ಒಂದು ಮೂಟೆ ಕುರಿ ಉಣ್ಣೆ ಆಟೋದಲ್ಲಿ ಬಂದಿಳಿಯಿತು. ತೊಳೆದರೆ ಒದ್ದೆ ಕುರಿಯ ವಾಸನೆ, ಒಣಗಿಸಿದರೆ ಒಣ ಕುರಿಯ ವಾಸನೆ. ಇಡ್ಲಿಯಲ್ಲೂ ಎಳೆ, ಹಾಸಿಗೆಯಲ್ಲೂ ಎಳೆ. ಹಾಲ್‌ನಲ್ಲಿ ನಾನು ಕೂತು ಸೀರಿಯಲ್ ನೋಡುತ್ತಿದ್ದ ಜಾಗದಲ್ಲಿ ರಾಟೆ ಬಂದು ಕೂತಿತು.

"ರೀ, ಇದೇನು ನೂಲೋ, ಎಮ್ಮೆ ಕಟ್ಟೋ ಹಗ್ಗಾನೋ?"

"ಕೈನೂಲು ಅಂದ್ರೆ ಹಂಗೇ ಕಣೇ. ಆ ಉಬ್ಬುತಗ್ಗಿಗೇ ಬೆಲೆ. ನಿಂಗೆಲ್ಲಿ ಅರ್ಥ ಆಗ್ಬೇಕು!"

ಆಮೇಲೆ ಬಣ್ಣದ ಹುಚ್ಚು ಹಿಡಿಯಿತು. ಹಬ್ಬಕ್ಕೆ ಹುಳಿ ಮಾಡುವ ನನ್ನ ದೊಡ್ಡ ತಪ್ಪಲೆಯಲ್ಲಿ ಈರುಳ್ಳಿ ಸಿಪ್ಪೆ ಕುದಿಯಿತು, ದಾಳಿಂಬೆ ಸಿಪ್ಪೆ ಕುದಿಯಿತು. ದೇವರ ಪಟಕ್ಕೆ ಹಾಕಿದ ಚೆಂಡುಹೂವಿನ ಹಾರ ಮಧ್ಯಾಹ್ನದೊಳಗೆ ಒಲೆ ಮೇಲಿರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ, ಬಹಳ ದಿನ ಕೇಳಿಕೊಂಡ ಮೇಲೆ, ಮಠದ ಬುದ್ಧಿಯವರು ನಮ್ಮ ಮನೆಯಲ್ಲಿ ಪಾದಪೂಜೆಗೆ ಒಪ್ಪಿದರು. ಹಿಂದೆ ಬುದ್ಧಿಯವರಿಗೆ ನನ್ನ ಮೈದುನ ಸಿದ್ದಲಿಂಗಸ್ವಾಮಿ ಒಂದು ಕಾಶ್ಮೀರದ ಶಾಲು ಹೊದಿಸಿದ್ದ. ಅದರ ಜಂಬ ಇನ್ನೂ ಇಳಿದಿರಲಿಲ್ಲ. ಇವರಿಗೆ ಹೊಟ್ಟೆಯುರಿ. ನಾನೇ ನೂತು, ನಾನೇ ಬಣ್ಣ ಹಾಕಿ, ಕಾವಿ ಶಾಲು ಹೊದಿಸುತ್ತೇನೆ ಎಂದು ಹಟ ಹಿಡಿದರು.

"ಆಯ್ತು. ಬುದ್ಧಿಯೋರು ಮೆಚ್ಚದಿದ್ರೆ?" ಎಂದೆ.

"ರಾಟೆ, ಉಣ್ಣೆ ಎಲ್ಲಾ ಗುಜರಿಗೆ ಹಾಕ್ಬುಡ್ತೀನಿ. ಮೆಚ್ಚಿದ್ರೆ ನೀನು ತುಟಿ ಪಿಟಕ್ ಅನ್ನಂಗಿಲ್ಲ."

ನನ್ನ ಹಾಲ್, ನನ್ನ ತಪ್ಪಲೆ ವಾಪಸ್ ಬರುವ ದಾರಿ ಅದೊಂದೇ. ಒಪ್ಪಿಕೊಂಡೆ.

ಕೆಸರೆಯ ಮಗ್ಗದವರು ಆ ಹಗ್ಗವನ್ನು ಹೇಗೋ ಶಾಲಾಗಿ ನೇಯ್ದುಕೊಟ್ಟರು. ಈರುಳ್ಳಿ ಸಿಪ್ಪೆಗೆ ಅದು ಕೊಳೆತ ಬಾಳೆಹಣ್ಣಿನ ಬಣ್ಣಕ್ಕೆ ಬಂತು. ಗಾಬರಿಯಾಗಿ ನನ್ನ ಅರಿಶಿನದ ಡಬ್ಬಿಯನ್ನು ಪೂರ್ತಿ ಸುರಿದರು. ಆಗ ಹೆಚ್ಚುಕಡಿಮೆ ಕಾವಿ ಎನ್ನಬಹುದಾದ ಬಣ್ಣ ಬಂತು. ಅವರು ಮೀಸೆ ತಿರುವಿಕೊಂಡರು.

ಪೂಜೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಆರತಿ ಎತ್ತಲು ನಾನು ತಟ್ಟೆಯ ನೀರಿಗೆ ಅರಿಶಿನ ಹಾಕಿ, ಚಿಟಿಕೆ ಸುಣ್ಣ ಕದಡಿದೆ. ನೀರು ಕೆಂಪಗೆ ಓಕುಳಿಯಾಯಿತು. ಎಷ್ಟು ಸಲ ಮಾಡಿದ ಕೆಲಸವೋ. ಆದರೂ ನನಗೆ ಹೊಳೆಯಲಿಲ್ಲ ನೋಡಿ.

ಬುದ್ಧಿಯವರು ಬಂದರು. ಬೇಸಿಗೆಯ ಸೆಕೆ, ಮನೆ ತುಂಬ ನೆಂಟರು. ಬುದ್ಧಿಯವರ ತೋಳಿನ ಮೇಲೆ ಮೂರು ಮೂರು ಪಟ್ಟೆ ವಿಭೂತಿ, ಅದರ ಮೇಲೆ ಬೆವರು. ಪಾದಪೂಜೆ ಮುಗಿಸಿ ಇವರು ಶಾಲು ಹೊದಿಸಿದರು. ಬುದ್ಧಿಯವರು ಆಶೀರ್ವಚನಕ್ಕೆ ತೊಡಗಿದರು. ಮಾತಿನ ನಡುವೆ ಅವರ ಭುಜ ಒಂದೆರಡು ಸಲ ಅಲುಗಿತು. ಪಾಪ, ಸೆಕೆ ಎಂದುಕೊಂಡೆ.

ಕೊನೆಗೆ ಹರಸಲು ಕೈಯೆತ್ತಿದರು. ಶಾಲಿನ ಅಂಚು ಮಗುಚಿತು. ಒಳಮೈಯಲ್ಲಿ ಮೂರು ಕೆಂಪು ಗೆರೆಗಳು!

"ಅಯ್ಯಯ್ಯೋ, ರಕ್ತ!" ಎಂದು ಯಾರೋ ಚೀರಿದರು.

"ರಕ್ತ ಅಲ್ಲ ಕಣ್ರೀ, ತ್ರಿಪುಂಡ್ರ ಮೂಡೈತೆ! ಪವಾಡ!" ಎಂದು ಮೈದುನ ಧಡಾರನೆ ಅಡ್ಡಬಿದ್ದ. ಅವನ ಹಿಂದೆಯೇ ಇಡೀ ಹಾಲ್ ಅಡ್ಡಬಿತ್ತು.

ನಾನು ಇವರ ಮುಖ ನೋಡಿದೆ. ಅರಿಶಿನದ ಕಾಗದಕ್ಕೆ ಸುಣ್ಣದ ನೀರು ಬಿಟ್ಟು ಕೆಂಪಾಗುವುದನ್ನು ಎಷ್ಟೋ ಬ್ಯಾಚ್ ಹುಡುಗರಿಗೆ ತೋರಿಸಿದ ಮನುಷ್ಯ! ಗೊತ್ತಾಯಿತು ಇವರಿಗೆ. ಒಂದು ಕ್ಷಣ ಬಾಯಿ ತೆರೆದರು. ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿ, ಕೈ ಮುಗಿದು, ಎರಡು ಹನಿ ಕಣ್ಣೀರನ್ನೂ ಸುರಿಸಿಬಿಟ್ಟರು. ಥೂ, ಮಾನಗೆಟ್ಟವರೇ!

ಇದು ಪವಾಡವಾದರೆ ರಾಟೆ ನನ್ನ ಹಾಲ್‌ನಿಂದ ಏಳುವುದುಂಟೇ? ತಡೆಯಲಾಗಲಿಲ್ಲ.

"ಪವಾಡಾನೂ ಇಲ್ಲ ಗಿವಾಡಾನೂ ಇಲ್ಲ! ನಮ್ಮನೆ ಅರಿಶಿನ ಕಣ್ರೀ ಅದು. ವಿಭೂತಿ, ಬೆವರು ತಾಗಿ, ಸುಣ್ಣ ಬಿದ್ದಂಗೆ ಓಕುಳಿ ಆಗೈತೆ. ಬೇಕಾದ್ರೆ ಆರತಿ ತಟ್ಟೆ ನೋಡಿ!"

"ಅತ್ಗೆ, ಬುದ್ಧಿಯೋರ ಮುಂದೆ ಇದೇನ್ ಮಾತು?" ಎಂದು ಮೈದುನ ನೆಲದಿಂದಲೇ ಗದರಿದ.

ಬುದ್ಧಿಯವರು ತಟ್ಟೆ ನೋಡಿದರು, ಗೆರೆ ನೋಡಿದರು, ಜೋರಾಗಿ ನಕ್ಕರು. "ತಾಯಿ ಹೇಳಿದ್ದು ನಿಜ ಕಣ್ರಪ್ಪ, ಏಳಿ ಮೇಲೆ. ಇಷ್ಟು ಜನದ ಎದುರು ನಿಜ ಹೇಳೋಕೆ ಎದೆಗಾರಿಕೆ ಬೇಕು. ಈ ಶಾಲು ಇವರಿಗೇ ಸಲ್ಲಬೇಕು." ಹಾಗೆಂದವರು ಅವಸರ ಅವಸರವಾಗಿ ಶಾಲು ತೆಗೆದು ನನಗೆ ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ತುಂಬಿತು. ಇವರ ಕಡೆ ತಿರುಗಿ, ಸದ್ದಿಲ್ಲದೆ, "ಗುಜರಿ" ಎಂದೆ.

ಆಗ ಕತ್ತು ಕಡಿಯತೊಡಗಿತು. ಆಮೇಲೆ ಬೆನ್ನು. ಆಮೇಲೆ ಕೈ ಎಟುಕದ ಜಾಗವೆಲ್ಲ. ಹುಲ್ಲಿನ ಮೆದೆಯೊಳಗೆ ಮಲಗಿದ ಹಾಗೆ! ಅಷ್ಟು ಜನರ ಮುಂದೆ ಗುರುಪ್ರಸಾದ ಹೊದ್ದು ಕೆರೆದುಕೊಳ್ಳುವುದು ಹೇಗೆ? ತಲೆಯೆತ್ತಿ ನೋಡಿದರೆ, ಬುದ್ಧಿಯವರು ಕುರ್ಚಿಯ ಬೆನ್ನಿಗೆ ತಮ್ಮ ಬೆನ್ನನ್ನು ಮೆಲ್ಲಗೆ ಉಜ್ಜುತ್ತಾ ಕಣ್ಣು ಮುಚ್ಚಿದ್ದರು. ಪಾದಪೂಜೆಯಲ್ಲೂ ಅವರ ಮುಖದಲ್ಲಿ ಅಷ್ಟು ಆನಂದ ಕಂಡಿರಲಿಲ್ಲ.

ಹೊರಡುವಾಗ ಇವರನ್ನು ಕರೆದು ಹೇಳಿದರು: "ರುದ್ರಸ್ವಾಮಿ, ಈ ಕೆಲಸ ಬಿಡಬೇಡಿ. ವರ್ಷಕ್ಕೊಂದು ಶಾಲು ಮಾಡಿ. ಮಠಕ್ಕೆ ಮಾತ್ರ ತರಬೇಡಿ, ತಾಯಿಗೇ ಹೊದಿಸಿ."

"ಅಪ್ಪಣೆ ಬುದ್ಧಿ" ಎಂದು ಇವರು ಉದ್ದಕ್ಕೆ ಅಡ್ಡಬಿದ್ದರು.

ಗುರುವಿನ ಅಪ್ಪಣೆಯಾದ ಮೇಲೆ ಗುಜರಿಯವನನ್ನು ಕರೆಯುವುದುಂಟೇ? ರಾಟೆ ಹಾಲ್‌ನಲ್ಲೇ ಇದೆ. ಪ್ರತಿ ಸೋಮವಾರ ನಾನು ಪೂಜೆಗೆ ಕೂತರೆ ಸಾಕು, ಇವರು ಮರೆಯದೆ ಆ ಶಾಲು ತಂದು ಹೊದಿಸುತ್ತಾರೆ.