ಖಾಲಿ ಮನೆಯ ಹೂಂ

“ಈ ಸೀನ್ ತೆಗೆದುಬಿಡಿ,” ಎಂದರು ವಿತರಕರು, ಆಕಳಿಸುತ್ತ. “ದೆವ್ವದ ಪಿಕ್ಚರ್ ಅಂತ ಕರೆಸಿದ್ರಿ. ನಮ್ಮನೆ ಮಿಕ್ಸಿ ಇದಕ್ಕಿಂತ ಚೆನ್ನಾಗಿ ಹೆದರಿಸುತ್ತೆ.”

ಅವರು ಊಟಕ್ಕೆ ಹೋದರು. ಬಂದ ಮೇಲೆ ಇನ್ನೊಮ್ಮೆ ನೋಡುತ್ತಾರಂತೆ. ಆಗಲೂ ಭಯವಾಗದಿದ್ದರೆ ಕತ್ತರಿ.

ಚಿತ್ರದಲ್ಲಿ ಅಕ್ಕನಿಗಿದ್ದದ್ದು ಅದೊಂದೇ ದೃಶ್ಯ. ಮಕ್ಕಳಿಗಾಗಿ ನಟನೆ ಬಿಟ್ಟಿದ್ದವಳು ಮತ್ತೆ ಬಣ್ಣ ಹಚ್ಚಿದ್ದಳು. ನಿರ್ದೇಶಕ ಅವಳ ಗಂಡನೇ, ನನ್ನ ಭಾವ. ಆದರೂ ಉಳಿದವರ ಜೊತೆ ಸಾಲಿನಲ್ಲಿ ನಿಂತು, ನಟಿಸಿ ತೋರಿಸಿ ಆ ಪಾತ್ರ ಪಡೆದಿದ್ದಳು. ಈಗ ಮೂಲೆಯಲ್ಲಿ ಕುಳಿತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

ಚಿತ್ರಕ್ಕೆ ಶಬ್ದ ಜೋಡಿಸುವುದು ನನ್ನ ಕೆಲಸ. ಭಾವ ನನ್ನ ಕುರ್ಚಿಯ ಹಿಂದೆ ನಿಂತು ತಲೆ ತಿನ್ನತೊಡಗಿದರು.

“ಡೋಲು ಜೋರು ಮಾಡು. ಬಾಗಿಲು ಧಡಾರ್ ಅನ್ಲಿ. ಬೆಕ್ಕು ಹಾಕು.”

“ಬೆಕ್ಕು ಆಗ್ಲೇ ಮೂರಿದೆ, ಭಾವ.”

“ಇನ್ನೊಂದು ಹಾಕು.”

“ರೀ, ಅದು ದೆವ್ವದ ಮನೆಯೋ, ಹಾಲಿನ ಡೈರಿಯೋ?” ಎಂದಳು ಅಕ್ಕ.

“ಭಾವ, ನೀವು ಹೋಗಿ ಟೀ ಕುಡ್ಕೊಂಡು ಬನ್ನಿ,” ಎಂದೆ. ಗೊಣಗುತ್ತ ಹೋದರು.

ಬೆಚ್ಚುವುದು ಬೇರೆ, ಹೆದರುವುದು ಬೇರೆ. ಸದ್ದಿಗೆ ಬೆಚ್ಚಿದವನು ಮರುಗಳಿಗೆ ನಗುತ್ತಾನೆ. ನಮ್ಮಜ್ಜ ಕಣ್ಣು ಮುಚ್ಚಿ ಪದ್ಯ ಹೇಳುವಾಗ ರಕ್ಕಸ ಬಂದನೆಂದು ದನಿ ಏರಿಸಿದವರಲ್ಲ. ಇಳಿಸುತ್ತಿದ್ದರು. ನಾವು ಮಕ್ಕಳು ಉಸಿರು ಬಿಗಿಹಿಡಿದು ಅವರ ಮಂಡಿಗೆ ಅಂಟಿಕೊಳ್ಳುತ್ತಿದ್ದೆವು. ಪ್ರತಿ ಪದ್ಯ ಮುಗಿದಾಗಲೂ ನಾವು ಹೂಂ ಎನ್ನಬೇಕು. ಹೂಂ ಬರದಿದ್ದರೆ ಅಜ್ಜ ಮುಂದಿನ ಪದ್ಯಕ್ಕೆ ಹೋಗುತ್ತಿರಲಿಲ್ಲ.

ಮನಸ್ಸಿನಲ್ಲೇ ಅಜ್ಜನಿಗೆ ಕೈಮುಗಿದು ಒಂದೊಂದೇ ಸದ್ದು ತೆಗೆದೆ. ಡೋಲು ಹೋಯಿತು, ಬಾಗಿಲು ಹೋಯಿತು, ಬೆಕ್ಕುಗಳೂ ಹೋದವು. ಅಕ್ಕನ ದನಿ, ಬಟ್ಟೆಯ ಸರಸರ ಇವೆರಡೇ ಉಳಿದವು. ಪರದೆಯ ಮೇಲೆ ಗಂಡ ಸತ್ತ ಹೆಂಗಸೊಬ್ಬಳು ಖಾಲಿ ಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದಾಳೆ.

“ಇದು ಇಸ್ತ್ರಿಗೆ. ಇದಕ್ಕೆ ಗುಂಡಿ ಹಾಕ್ಬೇಕು.” ಒಂದು ಅಂಗಿಯನ್ನು ಎದೆಗೊತ್ತಿಕೊಂಡು, “ಇದು ಇನ್ನು ಯಾರಿಗೂ ಬೇಡ.”

“ಹೂಂ.”

ಅಕ್ಕ ಎದ್ದು ನಿಂತಳು. “ಯಾರೇ ಅದು?”

ನನಗೂ ಮೈ ಜುಮ್ಮೆಂದಿತು. ಆಮೇಲೆ ನಗು ಬಂತು. ಅವಳ ದನಿ ಮುದ್ರಿಸುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಅವಳು ಹೇಳಿದ ರೀತಿಗೆ ಮೈಮರೆತು, ಅಜ್ಜನೆದುರು ಅನ್ನುತ್ತಿದ್ದ ಹಾಗೆ ಹೂಂ ಅಂದುಬಿಟ್ಟಿದ್ದೆ. ಅದನ್ನು ಮೈಕು ಹಿಡಿದಿತ್ತು. ಇಷ್ಟು ದಿನ ಡೋಲಿನಡಿ ಹೂತುಹೋಗಿತ್ತು. ನಮ್ಮ ಕಸುಬಿನಲ್ಲಿ ಇದು ನಾಚಿಕೆಗೇಡಿನ ತಪ್ಪು. ಹೊರಗಿನವರ ಉಸಿರೂ ಒಳಗೆ ಸೇರಕೂಡದು.

ಅಳಿಸಲು ಕೈ ಹೋಯಿತು. ಅಲ್ಲೇ ನಿಂತಿತು.

ಬಾಗಿಲಲ್ಲಿ ಭಾವ ಟೀ ಲೋಟ ಹಿಡಿದು ಕಲ್ಲಾಗಿದ್ದರು. “ಆ ಮನೇಲಿ ಬೇರೆ ಯಾರೂ ಇಲ್ವಲ್ಲ?”

“ಅದಕ್ಕೇ, ಭಾವ.”

ತಕ್ಷಣ ಅವರಿಗೆ ಹುರುಪು ಬಂತು. “ಹಾಗಾದ್ರೆ ಗಡಸು ಮಾಡು! ಗುಹೆ ಒಳಗಿಂದ ಬಂದ ಹಾಗೆ...”

“ಬೇಡ. ಅದು ಅಕ್ಕರೆಯ ಹೂಂ. ಎಷ್ಟೋ ದಿನದಿಂದ ಅಲ್ಲೇ ಕೂತು ಕೇಳ್ತಾ ಇರೋರದ್ದು. ಮುಟ್ಟಿದ್ರೆ ಕೆಡುತ್ತೆ.”

“ಅವಳು ಹೇಳಿದ ಹಾಗೆ ಬಿಡಿ,” ಎಂದಳು ಅಕ್ಕ. ಭಾವ ಬಿಟ್ಟರು.

ವಿತರಕರು ಹೊಟ್ಟೆ ಸವರಿಕೊಳ್ಳುತ್ತ ಬಂದು ಕುಳಿತರು. ಡೋಲಿಲ್ಲದ್ದಕ್ಕೆ ಮೊದಲು ಹುಬ್ಬು ಗಂಟಿಕ್ಕಿದರು. ಬಟ್ಟೆ ಸರಿದಾಡುವ ಸದ್ದು ಕೇಳಲು ನಿಧಾನವಾಗಿ ಮುಂದೆ ಬಾಗಿದರು. “ಇದು ಇನ್ನು ಯಾರಿಗೂ ಬೇಡ.” ಮೌನ. “ಹೂಂ.”

ಅವರು ಪರದೆ ನೋಡಲಿಲ್ಲ. ತಿರುಗಿ ತಮ್ಮ ಹಿಂದಿನ ಖಾಲಿ ಕುರ್ಚಿಗಳನ್ನು ನೋಡಿದರು.

ದೀಪ ಹತ್ತಿದಾಗ ಅಕ್ಕನ ಕಣ್ಣು ಅವರ ಮುಖದ ಮೇಲೇ ಇತ್ತು. ಅವರು ಗಂಟಲು ಸರಿಮಾಡಿಕೊಂಡರು. “ಚೂರು ಪರವಾಗಿಲ್ಲ ಈಗ.”

ಅವರನ್ನು ಮೆಟ್ಟಿಲವರೆಗೆ ಬಿಡಲು ನಾನು ಹಿಂದೆ ಹೋದೆ. ಅವರಿಗೆ ಅದು ತಿಳಿದಿರಲಿಲ್ಲವೆಂದು ಕಾಣುತ್ತದೆ. ಇಳಿಯುತ್ತ ತಮ್ಮಷ್ಟಕ್ಕೇ ಅಂದುಕೊಂಡರು: “ಆ ಬಟ್ಟೆ ಸೀನು ಇರ್ಲಿ. ಆ ಹೆಣ್ಮಗಳು ಚೆನ್ನಾಗಿ ಮಾಡಿದ್ದಾಳೆ.”

“ಹೂಂ,” ಎಂದೆ, ಅಭ್ಯಾಸಬಲದಿಂದ.

ವಿತರಕರು ಎರಡೂ ಕೈಯಲ್ಲಿ ಮೆಟ್ಟಿಲ ಕಂಬಿ ಹಿಡಿದುಕೊಂಡರು.