ಮದುವೆಗೆ ಮುಂಚೆ ಹಂಚುವ ಕೇಕು

ಆಲೂಗಡ್ಡೆ ಕಿತ್ತು ಮುಗಿಯುವ ತನಕ ಜರ್ಮನಿಯ ಪಶ್ಚಿಮದಂಚಿನ ಐಫೆಲ್ ಸೀಮೆಯಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಆ ಅಕ್ಟೋಬರಿನಲ್ಲಿ ಇನ್ನೆರಡು ಸಾಲು ಉಳಿದಿದ್ದ ದಿನ ಅಮ್ಮ ಹೊಲಕ್ಕೆ ಬರಲಿಲ್ಲ. ತಿಂಗಳಿಂದ ಕೂಡಿಟ್ಟ ಬೆಣ್ಣೆಯನ್ನು ಹಿಟ್ಟು, ಸಕ್ಕರೆಯ ಜೊತೆ ಬೆರಳ ತುದಿಯಲ್ಲಿ ಉಜ್ಜಿ ಹರಳುಹರಳು ಮಾಡಿ, ಹುದುಗು ಬಂದ ಕಣಕದ ಮೇಲೆ ಉದುರಿಸುತ್ತಿದ್ದಳು.

ದೂರದ ಪೂರ್ವದಲ್ಲಿದ್ದ ನಮ್ಮ ಸೈಲೀಸಿಯಾ ಸೀಮೆಯಲ್ಲಿ ಮದುವೆಗೆ ಮೂರು ದಿನ ಮುಂಚೆ ಈ ಶ್ಟ್ರಾಯ್ಜಲ್ ಕೇಕು ನೆರೆಮನೆಗಳಿಗೆ ಹೋಗುತ್ತದೆ. ತೆಗೆದುಕೊಂಡವರು ಬಂದೇ ಬರುತ್ತಾರೆ. ಯುದ್ಧ ಮುಗಿದ ಮೇಲೆ ನಮ್ಮನ್ನು ಊರಿನಿಂದ ಓಡಿಸಿದ್ದರು. ವರ್ಷಗಟ್ಟಲೆ ಶಿಬಿರದಲ್ಲಿದ್ದು ಆ ವಸಂತದಲ್ಲಷ್ಟೇ ಈ ಹಳ್ಳಿಗೆ ಬಂದಿದ್ದೆವು. ಅಕ್ಕ ಇರ್ಮಾಳ ಕೈಹಿಡಿಯುವ ಹುಡುಗ ಇಲ್ಲಿಯವನು, ಚರ್ಚಿನಲ್ಲಿ ಅವನ ಕಡೆ ಜನ ತುಂಬುತ್ತಾರೆ. ನಮ್ಮ ಕಡೆ ಬೆಂಚು ಖಾಲಿ. ನಮಗೆ ಅಟ್ಟದ ಕೋಣೆ ಕೊಟ್ಟ ಥೇಯಿಸ್ ತಾತ ಒಬ್ಬರಾದರೂ ಬಂದು ಕೂತರೆ ಸಾಕು ಎಂದು ಅಮ್ಮನ ಆಸೆ.

ಸಂಜೆ ಒಳಗೆ ಬಂದ ತಾತ ಮೇಜಿನ ಮೇಲಿನ ಕೇಕು ನೋಡಿದವರೇ ಟೋಪಿ ತೆಗೆದರು.

"ಯಾರು ಹೋದ್ರು ಸೆಲ್ಮಾ?"

"ಯಾರೂ ಹೋಗಿಲ್ಲ ಯಜಮಾನ್ರೇ. ಇದು ಇರ್ಮಾ ಮದ್ವೆದು, ನಿಮಗೆ."

"ಮದ್ವೆಗಾ? ಇಲ್ಲಿ ಮಣ್ಣಿಗೆ ಬಂದೋರಿಗೆ ಕಾಫಿ ಜೊತೆ ಕೊಡೋದಮ್ಮ ಇದು. ಹೋದ ಚಳಿಗಾಲ ನನ್ನ ಹೆಂಡ್ತಿ ಬಾರ್ಬರಾ ಹೋದಾಗ ಇದೇ ಮೇಜಿನ ಮೇಲೆ ಇಟ್ಟಿದ್ವಿ."

ಅಮ್ಮನ ಮುಖ ಇಳಿದುಹೋಯಿತು. "ಗೊತ್ತಿರ್ಲಿಲ್ಲ. ತಪ್ಪಾಯ್ತು," ಎಂದು ಎತ್ತಿಕೊಳ್ಳಲು ಹೋದಳು. ತಾತ ತಟ್ಟೆಯ ಅಂಚು ಹಿಡಿದುಕೊಂಡು ಕೂತರು.

"ಇರ್ಲಿ ಬಿಡು. ನಿಮ್ಮಲ್ಲೂ ಶ್ಟ್ರಾಯ್ಜಲ್ ಅಂತಾನೇ ಅಂತೀರಾ?"

"ಅದೇ. ಉದುರಿಸಿದ್ದು ಅಂತ ತಾನೆ? ಹಸು ಮಲಗೋಕೆ ಹುಲ್ಲು ಉದುರಿಸ್ತೀವಲ್ಲ, ಆ ಮಾತಿಂದ್ಲೇ ಬಂತು ಅಂತಿದ್ರು ನಮ್ಮಜ್ಜಿ."

ತಾತ ಒಂದು ತುಂಡು ಮುರಿದು ನಿಧಾನವಾಗಿ ಅಗಿದರು.

"ನಿಮ್ಮಜ್ಜಿ ಹಸುಗಳು ಪುಣ್ಯವಂತವು. ನಾನು ಇಷ್ಟು ದಪ್ಪ ಉದುರಿಸಿದೋನಲ್ಲ." ಆಮೇಲೆ ಗಡ್ಡದ ಮೇಲಿನ ಪುಡಿ ಒರೆಸಿಕೊಂಡರು. "ಶನಿವಾರ ಎಷ್ಟು ಗಂಟೆಗೆ?"

"ಹತ್ತಕ್ಕೆ."

"ಬಾರ್ಬರಾ ತಂಗಿಯರನ್ನೂ ಕರ್ಕೊಂಡು ಬರ್ತೀನಿ. ನಿಮ್ಮ ಕಡೇನೇ ಕೂರ್ತೀವಿ. ಅವರಿಗೂ ಕೇಕು ಕಳಿಸು, ಆದ್ರೆ ಮೊದ್ಲು ನಾನು ಹೋಗಿ ಹೇಳ್ತೀನಿ. ಇಲ್ಲಾಂದ್ರೆ ಕರೀ ಬಟ್ಟೆ ಹಾಕ್ಕೊಂಡು ಬಂದಾರು."

ಅಮ್ಮ ನಕ್ಕಳು, ನಗುತ್ತಲೇ ಏಪ್ರನ್ನಿನ ತುದಿಯಲ್ಲಿ ಕಣ್ಣೊತ್ತಿಕೊಂಡಳು.

"ಕೋಣೆ ಕೊಟ್ರಿ, ಒಲೆ ಕೊಟ್ರಿ, ಈಗ ಇದು. ಹೇಗೆ ತೀರಿಸ್ಲಿ ನಾನು?"

"ತೀರಿಸು ಅಂತ ಯಾರು ಕೇಳಿದ್ರು?" ತಾತ ತಟ್ಟೆ ಮುಂದೆ ತಳ್ಳಿದರು. "ಇನ್ನೊಂದು ಚೂರು ಹಾಕು. ನಡುವಿಂದ."