ಪಕ್ಕದ ತಾರಸಿಯ ಹೀರೆಬಳ್ಳಿ

ಬೈರಯ್ಯನಿಗೆ ಗುಲಾಬಿ ಬಿಟ್ಟರೆ ಬೇರೆ ಗಿಡ ಗಿಡವೇ ಅಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿ ದುಡಿದು ರಿಟೈರ್ ಆದಮೇಲೆ, ಲಗ್ಗೆರೆಯ ತನ್ನ ಮನೆಯ ತಾರಸಿಯ ತುಂಬ ಗುಲಾಬಿ ಕುಂಡಗಳನ್ನು ಇಟ್ಟಿದ್ದ. ಎಲ್ಲವಕ್ಕೂ ಒಂದೇ ಅಳತೆ, ಒಂದೇ ಕೆಮ್ಮಣ್ಣಿನ ಬಣ್ಣ, ದಾರ ಹಿಡಿದು ನಿಲ್ಲಿಸಿದಂಥ ಸಾಲು. ಬಡಾವಣೆಯ ಸಂಘದವರು ನಡೆಸುವ ಹೂವಿನ ಸ್ಪರ್ಧೆಯಲ್ಲಿ ನಾಲ್ಕು ವರ್ಷ ಅವನದೇ ಬಹುಮಾನ. ಆ ಹೂಗಳನ್ನು ಯಾರೂ ಮುಟ್ಟುವಂತಿರಲಿಲ್ಲ. ಹೆಂಡತಿ ರಾಮಕ್ಕನೂ ಮುಟ್ಟುವಂತಿರಲಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಪಕ್ಕದ ಮನೆಗೆ ಚನ್ನವೀರಪ್ಪ ಮೇಷ್ಟ್ರು ಬಾಡಿಗೆಗೆ ಬಂದರು. ರಾಣೆಬೆನ್ನೂರಿನ ಕಡೆಯವರು. ಹೆಂಡತಿ ಇಲ್ಲ, ಮಗಳು ವಚನಾಳ ಜೊತೆ ವಾಸ. ಎರಡು ತಾರಸಿಗಳ ನಡುವೆ ಇದ್ದದ್ದು ಮೊಣಕಾಲೆತ್ತರದ ಗೋಡೆ ಮಾತ್ರ. ಬಂದ ವಾರದಲ್ಲೇ ಮೇಷ್ಟ್ರು ಒಡೆದ ಬಕೆಟ್ಟು, ಪೇಂಟಿನ ಡಬ್ಬ, ಅಕ್ಕಿ ಚೀಲ, ಯಾರೋ ಎಸೆದ ವಾಷಿಂಗ್ ಮೆಷಿನ್ನಿನ ಡ್ರಮ್ಮು, ಹೀಗೆ ಕೈಗೆ ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿದರು.

“ಗುಜರಿ ಅಂಗಡಿ ಇಟ್ಟವ್ರೆ ಕಣೇ ಮೇಷ್ಟ್ರು” ಎಂದು ಬೈರಯ್ಯ ಕೆಳಗೆ ಬಂದು ನಕ್ಕ.

ಎರಡು ತಿಂಗಳಲ್ಲಿ ನಗು ನಿಂತಿತು. ಪೇಂಟಿನ ಡಬ್ಬಗಳಲ್ಲಿ ಮೆಂತ್ಯ, ದಂಟು, ಪಾಲಕ್ ಉಕ್ಕಿ ಬಂದವು. ಬೇಸಿಗೆ ಶುರುವಾಗುವಷ್ಟರಲ್ಲಿ ಡ್ರಮ್ಮಿನಿಂದ ಎದ್ದ ಹೀರೆಬಳ್ಳಿ ಬಟ್ಟೆ ಒಣಹಾಕುವ ತಂತಿಯನ್ನೆಲ್ಲ ಆವರಿಸಿ ಹಳದಿ ಹೂ ಬಿಟ್ಟಿತು. ದಿನ ಬಿಟ್ಟು ದಿನ ಮೇಷ್ಟ್ರು ಗೋಡೆಯಾಚೆಯಿಂದ ಕೈ ಚಾಚುತ್ತಿದ್ದರು. “ರಾಮಕ್ಕಾರ, ಒಂದ್ ಸೂಡು ಸೊಪ್ಪು ಐತ್ರಿ. ಎಳೇದೈತಿ, ಇವತ್ತೇ ಮಾಡಿಬಿಡ್ರಿ.”

ರಾಮಕ್ಕ ಹಿಗ್ಗುತ್ತಿದ್ದಳು. “ಅಂಗಡಿ ಸೊಪ್ಪಿಗೆ ಈ ಘಮ ಎಲ್ಲಿಂದ ಬರ್ಬೇಕು? ಮುದ್ದೆ ಜೊತೆ ಎಷ್ಟು ಚೆನ್ನಾಗೈತೆ ನೋಡ್ರೀ” ಎಂದು ಬಡಿಸುತ್ತಿದ್ದಳು. ಸಾರು ನಿಜಕ್ಕೂ ಚೆನ್ನಾಗಿತ್ತು. ಅದೇ ಬೈರಯ್ಯನ ಹೊಟ್ಟೆ ಉರಿಸುತ್ತಿತ್ತು. ಮದುವೆಯಾದಾಗಿನಿಂದ ತಾನು ಮಾಡಿದ ಯಾವ ಕೆಲಸಕ್ಕೂ ಇವಳು ‘ಎಷ್ಟು ಚೆನ್ನಾಗೈತೆ’ ಅಂದದ್ದು ಅವನಿಗೆ ನೆನಪಿಲ್ಲ. ಬಹುಮಾನದ ಕಪ್ಪು ತಂದ ದಿನವೂ “ಅಲ್ಲಿಡಿ, ಧೂಳು ಒರಸ್ತೀನಿ” ಅಂದಿದ್ದಳು.

ಅವನು ತಾರಸಿಗೆ ಹೋಗುವ ಹೊತ್ತನ್ನು ಬದಲಿಸಿಕೊಂಡ, ಮೇಷ್ಟ್ರ ಮುಖ ನೋಡಬಾರದೆಂದು. ಹೋದರೂ ಕಣ್ಣು ತನ್ನ ಗುಲಾಬಿಯ ಮೇಲೆ ನಿಲ್ಲುತ್ತಿರಲಿಲ್ಲ. ನಿನ್ನೆಗಿಂತ ಇವತ್ತು ಹೀರೆ ಎಷ್ಟು ಉದ್ದ ಬೆಳೆದಿದೆ ಎಂದು ಅಳೆಯುತ್ತಿತ್ತು.

ಏಪ್ರಿಲ್‌ನಲ್ಲಿ ಮೇಷ್ಟ್ರ ತಂಗಿಯ ಮಗನ ಮದುವೆ ಬಂತು. ಹೊರಡುವ ಮುಂಚೆ ಅವರೇ ಮನೆಗೆ ಬಂದರು. “ಬೈರಯ್ಯನವ್ರ, ವಚನಾನೂ ನಾನೂ ಎಂಟ್ ದಿನ ಊರಿಗೆ ಹೊಂಟೀವ್ರಿ. ಗಿಡ ತಿಳಿದವ್ರು ಈ ಬೀದ್ಯಾಗ ನೀವೊಬ್ರೇ. ಒಂದೀಟು ನೀರು ಕಾಣಿಸ್ತೀರೇನ್ರಿ?”

“ಅದಕ್ಕೇನಂತೆ, ಹೋಗ್ಬನ್ನಿ ಮೇಷ್ಟ್ರೇ” ಅಂದ ಬೈರಯ್ಯ.

ಎರಡು ದಿನ ಗೋಡೆ ದಾಟಿ ಹೋಗಿ ಸರಿಯಾಗಿಯೇ ನೀರು ಹಾಕಿದ. ಮೂರನೆಯ ದಿನ ಊಟಕ್ಕೆ ಕುಳಿತಾಗ ರಾಮಕ್ಕ ಹೀರೆಸಿಪ್ಪೆಯ ಚಟ್ನಿ ಬಡಿಸುತ್ತ ಅಂದಳು: “ಮೇಷ್ಟ್ರ ಕೈಗುಣವೇ ಗುಣ. ಆ ಕೈಲಿ ಏನಿಟ್ರೂ ಬದುಕ್ತದೆ.”

ಬೈರಯ್ಯ ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿದ. ಸಂಜೆ ತಾರಸಿಗೆ ಹೋಗಿ ತನ್ನ ಗುಲಾಬಿಗೆ ನೀರು ಹಿಡಿದ, ನಲ್ಲಿ ತಿರುಗಿಸಿ ಪೈಪು ಸುತ್ತಿಟ್ಟ. ಗೋಡೆ ದಾಟಲಿಲ್ಲ. ಕೈಗುಣವಂತೆ. ಕೈಗುಣ ಇದ್ದರೆ ನೀರಿಲ್ಲದೆಯೂ ಬದುಕಲಿ.

ನಾಲ್ಕನೆಯ ದಿನ ಎಲೆಗಳು ಜೋತುಬಿದ್ದದ್ದನ್ನು ದೂರದಿಂದಲೇ ನೋಡಿದ. ಎದೆಯಲ್ಲಿ ಏನೋ ಚುಚ್ಚಿತು, ಅದರ ಜೊತೆಗೇ ಒಂದು ಹಗುರವೂ ಆಯಿತು. “ಅಲ್ಲೂ ನೀರು ಹಾಕಿದ್ರಾ?” ಎಂದು ರಾಮಕ್ಕ ಕೇಳಿದಾಗ “ಹಾಕ್ದೆ” ಅಂದ. ಐದನೆಯ ದಿನವೂ ಹಾಗೇ ಅಂದ.

ಆರನೆಯ ದಿನ ಮಧ್ಯಾಹ್ನ ಮಲಗಿದ್ದವನಿಗೆ ತಲೆಯ ಮೇಲೆ ಸದ್ದು ಕೇಳಿಸಿತು. ತಾರಸಿಯ ಮೇಲೆ ಯಾರೋ ಬಕೆಟ್ಟು ಇಡುವ ಸದ್ದು, ಕಾಲೆಳೆಯುವ ಸದ್ದು, ಮತ್ತೆ ಬಕೆಟ್ಟು. ಎದ್ದು ಮೇಲೆ ಹೋದ. ಸಂಡಿಗೆ ಒಣಹಾಕಲು ಬಂದಿದ್ದ ರಾಮಕ್ಕ, ಮಂಡಿನೋವಿನ ಕಾಲನ್ನು ಕೈಯಿಂದ ಎತ್ತಿ ಗೋಡೆ ದಾಟಿಸಿಕೊಳ್ಳುತ್ತ, ಅರ್ಧರ್ಧ ಬಕೆಟ್ಟು ನೀರು ಹೊತ್ತು ಆಚೆ ಸುರಿಯುತ್ತಿದ್ದಳು. ಮೆಂತ್ಯ ಹುಲ್ಲಿನಂತೆ ಒಣಗಿತ್ತು. ಹೀರೆಯ ಎಲೆ ಮುಟ್ಟಿದರೆ ಪುಡಿಯಾಗುತ್ತಿತ್ತು.

“ಪೈಪಿಲ್ವೇನೇ? ಇತ್ಲಾಗೆ ಬಾ, ಬೀಳ್ತೀಯ” ಅಂದ.

ಅವಳು ತಿರುಗಿ ನೋಡಿದಳು. “ಮರೆತ್ರಾ, ಬೇಕಂತ ಬಿಟ್ರಾ?”

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. “ಬೇಕಂತ” ಅಂದುಬಿಟ್ಟ. “ನಿಂಗೆ ಬರೀ ಅವ್ರದ್ದೇ ಚೆನ್ನಾಗಿ ಕಾಣ್ತದಲ್ಲ.”

“ಅವ್ರು ಬೆಳೆದಿದ್ನ ನನ್ ಕೈಗೆ ಕೊಟ್ರು ಕಣ್ರೀ. ಇಷ್ಟು ವರ್ಷದಲ್ಲಿ ನಿಮ್ ಗಿಡದಿಂದ ಒಂದೆಸಳು ನನ್ ಕೈಗೆ ಬಂದೈತಾ? ಬಂದಿದ್ರೆ ಚೆನ್ನಾಗೈತೆ ಅಂತಿರ್ಲಿಲ್ವಾ ನಾನು?”

ಬೈರಯ್ಯ ಪೈಪು ಬಿಚ್ಚಿ ಎಲ್ಲ ಡಬ್ಬಗಳಿಗೂ ನೀರು ಬಿಟ್ಟ. ಮರುದಿನ ಬೆಳಿಗ್ಗೆ ಅರಳಿದ್ದ ಗುಲಾಬಿಗಳನ್ನೆಲ್ಲ ಕತ್ತರಿಸಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ರಾಮಕ್ಕ ಅವುಗಳನ್ನು ಪಕ್ಕಕ್ಕೆ ಸರಿಸಿ ಈರುಳ್ಳಿ ಹೆಚ್ಚಿದಳು. “ಕೇಳಿ ಇಸ್ಕೊಂಡಂಗಾಯ್ತು. ಈಗ ಬೇಡ” ಅಂದಳು.

ಮೇಷ್ಟ್ರು ಊರಿಂದ ಬಂದ ಬೆಳಿಗ್ಗೆ ಬೈರಯ್ಯ ತಾರಸಿಯಲ್ಲೇ ಕಾದಿದ್ದ. ತಪ್ಪನ್ನು ಬಿಸಿಲಿನ ಮೇಲೆ ಹಾಕಬಹುದಿತ್ತು, ಟ್ಯಾಂಕಿನಲ್ಲಿ ನೀರಿರಲಿಲ್ಲ ಅನ್ನಬಹುದಿತ್ತು. ಹಾಗೆ ಮಾಡದೆ ನೇರವಾಗಿ ಹೇಳಿದ: “ನಾನೇ ನೀರು ಬಿಡ್ಲಿಲ್ಲ ಮೇಷ್ಟ್ರೇ. ಹೊಟ್ಟೆಕಿಚ್ಚು ಬಂತು.”

ಮೇಷ್ಟ್ರು ಒಣಗಿದ ಬಳ್ಳಿಯನ್ನು ತಂತಿಯಿಂದ ಸ್ವಲ್ಪಸ್ವಲ್ಪವೇ ಬಿಡಿಸಿದರು. ಕೊನೆಯ ಕುಡಿ ಬಿಡಿಸುತ್ತ ಅಂದರು: “ಮನಸಿಲ್ಲ ಅಂದಿದ್ರ ಬ್ಯಾರೆಯವ್ರಿಗೆ ಹೇಳಿ ಹೋಗ್ತಿದ್ನಿರಿ. ನಂಬಿ ಹೋದ್ನಲ್ರಿ.” ಬಳ್ಳಿಯನ್ನು ಸುತ್ತಿಕೊಂಡು ಕೆಳಗಿಳಿದು ಹೋದರು.

ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಬೈರಯ್ಯನಿಗೆ. ಮೂರು ವಾರ ಗೋಡೆಯಾಚೆಯಿಂದ ಒಂದು ಮಾತೂ ಬರಲಿಲ್ಲ. ಮನೆಯಲ್ಲಿ ಸಾರಿಗೆ ಅಂಗಡಿಯ ಸೊಪ್ಪು ಬಂತು. ರಾಮಕ್ಕ ಅದರ ಬಗ್ಗೆ ಏನೂ ಅನ್ನಲಿಲ್ಲ.

ಮೊದಲ ಮಳೆ ಬಿದ್ದ ಮರುದಿನ ಮೇಷ್ಟ್ರು ಡ್ರಮ್ಮಿನ ಹಳೆಯ ಮಣ್ಣನ್ನು ಗೋಣಿಯ ಮೇಲೆ ಸುರಿಯುತ್ತಿದ್ದರು. ಬೈರಯ್ಯ ಬೇವಿನ ಹಿಂಡಿಯ ಚೀಲ ಹಿಡಿದು ಗೋಡೆಯ ಹತ್ತಿರ ನಿಂತ. “ದಾಟ್ಲಾ ಮೇಷ್ಟ್ರೇ?”

ಅವರು ತಲೆ ಎತ್ತದೆ “ನಾ ಬ್ಯಾಡಂದ್ರ ನೀವು ಬಿಡಾವ್ರೇನು?” ಅಂದರು. ಸ್ವಲ್ಪ ಸರಿದು ಜಾಗ ಬಿಟ್ಟರು.

ಇಬ್ಬರೂ ಕುಕ್ಕರುಗಾಲಲ್ಲಿ ಕುಳಿತು ಮಣ್ಣಿನ ಹೆಂಟೆ ಒಡೆದರು. ಮೇಷ್ಟ್ರು ಒಂದು ಹಿಡಿ ಮಣ್ಣು ಹಿಂಡಿ ತೋರಿಸಿದರು: ಉಂಡೆ ಕಟ್ಟಬೇಕು, ಬೆರಳು ತಾಗಿದರೆ ಉದುರಬೇಕು, ಆಗ ಬೇರಿಗೆ ಗಾಳಿ ಆಡುತ್ತದೆ. ಬೈರಯ್ಯನಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. “ಇನ್ನೊಂದ್ಸಲ ತೋರ್ಸಿ” ಅಂದ.

ರಾಮಕ್ಕ ಒಂದೊಂದೇ ಮೆಟ್ಟಿಲು ಹತ್ತಿ ಎರಡು ಲೋಟ ಕಾಫಿ ತಂದಳು. ಮೊದಲ ಲೋಟವನ್ನು ಮೇಷ್ಟ್ರಿಗೆ ಕೊಟ್ಟಳು. ಬೈರಯ್ಯನ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಸಣ್ಣಗೆ ಎದ್ದಿತು. ಅವನು ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು, ತನ್ನ ಸರದಿಗೆ ಕಾದು, ಎರಡನೆಯ ಲೋಟ ತೆಗೆದುಕೊಂಡ.